ಆರು ಗಂಟೆಯ ಅಂಕಿ

ನದಿಮಟ್ಟದ ಕಚೇರಿ ಎಂದ ಕೂಡಲೇ ದೊಡ್ಡ ಕಟ್ಟಡ, ಬೋರ್ಡು, ಜವಾನ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಸೇತುವೆಯ ಬುಡದಲ್ಲಿ ಒಂದೇ ಒಂದು ಕೋಣೆ. ಒಳಗೆ ಒಂದು ಮೇಜು, ಎರಡು ಕುರ್ಚಿ, ಅದರಲ್ಲೊಂದು ಕುಂಟು, ಊರಿನ ಕರೆಗಳಿಗೆ ಮೇಜಿನ ಮೇಲೊಂದು ಹಳೇ ಫೋನು, ಗೋಡೆಗೆ ಮೊಳೆ ಹೊಡೆದು ಕೂರಿಸಿದ ಕಪ್ಪು ಫೋನು. ಹಿಂಬಾಗಿಲು ತೆಗೆದರೆ ನದಿಗೆ ಇಳಿಯುವ ನಲವತ್ತೆರಡು ಮೆಟ್ಟಿಲು. ಕೊನೆಯ ಮೆಟ್ಟಿಲಿನ ಪಕ್ಕ ನೀರೊಳಗೆ ನೆಟ್ಟ ಕಬ್ಬಿಣದ ಪಟ್ಟಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಮೀಟರಿನ ಗುರುತುಗಳು. ದಿನಕ್ಕೆರಡು ಸಲ ಇಳಿಯುವುದು, ನೀರು ಯಾವ ಗುರುತು ಮುಟ್ಟಿದೆ ಎಂದು ನೋಡುವುದು, ಹತ್ತಿ ಬಂದು ಫೋನಿನಲ್ಲಿ ಹೇಳುವುದು, ಇಷ್ಟೇ ಕೆಲಸ. ಹತ್ತೊಂಬತ್ತು ವರ್ಷ ಇಷ್ಟನ್ನೇ ಮಾಡಿಕೊಂಡು ಬಂದವಳನ್ನು ಊರಿನವರು ಅಳತೆಯಮ್ಮ ಎಂದು ಕರೆಯುತ್ತಿದ್ದರು. ಮೊದಲು ಗೇಲಿಗೆ ಕರೆದರು, ಆಮೇಲೆ ಅಭ್ಯಾಸಕ್ಕೆ ಕರೆದರು. ಈಗ ಅವಳಿಗೂ ತನ್ನ ನಿಜವಾದ ಹೆಸರನ್ನು ಯಾರಾದರೂ ಕೂಗಿದರೆ ತಿರುಗಿ ನೋಡಲು ಒಂದು ಗಳಿಗೆ ಬೇಕಾಗುತ್ತಿತ್ತು.

ಕಪ್ಪು ಫೋನಿನ ಆ ತುದಿ ಇದ್ದದ್ದು ಗಡಿಯಾಚೆ, ಮೂವತ್ತು ಕಿಲೋಮೀಟರ್ ಮೇಲೆ, ಪಕ್ಕದ ದೇಶದ ಅಣೆಕಟ್ಟಿನಲ್ಲಿ. ಎರಡು ದೇಶಗಳು ಪರಸ್ಪರ ಮುಖ ನೋಡುವುದನ್ನು ಬಿಟ್ಟು ಏಳು ವರ್ಷವಾಗಿತ್ತು. ರೈಲು ನಿಂತಿತ್ತು, ಅಂಚೆ ನಿಂತಿತ್ತು, ರಾಯಭಾರಿಗಳು ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದರು. ನದಿಯನ್ನು ಮಾತ್ರ ನಿಲ್ಲಿಸಲಾಗಲಿಲ್ಲ, ಹಾಗಾಗಿ ಈ ಒಂದು ತಂತಿಯನ್ನೂ ಕಡಿಯಲಾಗಲಿಲ್ಲ. ಮೇಲಿನವರು ನೀರು ಬಿಡುವ ಮೊದಲು ಕೆಳಗೆ ಎಷ್ಟಿದೆ ಎಂದು ಗೊತ್ತಿರಬೇಕು. ಇಲ್ಲಿ ಒಂಬತ್ತು ಮೀಟರ್ ದಾಟಿದರೆ ಕೆಳಬೀದಿ ಪೂರ್ತಿ ನೀರಿನೊಳಗೆ. ಆ ಬೀದಿಯಲ್ಲಿ ಮುನ್ನೂರು ಮನೆಗಳಿದ್ದವು. ಅದರಲ್ಲೊಂದು ಅಳತೆಯಮ್ಮನ ಅಕ್ಕನದು.

ಫೋನಿಗೆ ನಿಯಮಗಳಿದ್ದವು. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ. ಅಂಕಿ ಬಿಟ್ಟು ಬೇರೆ ಮಾತಿಲ್ಲ. ಎರಡೂ ಸರ್ಕಾರಗಳು ಕಿವಿಯಿಟ್ಟು ಕೂತಿರುತ್ತಿದ್ದವು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಬೇಕು. ಹಿಂದಿನ ಅಂಕಿಗೂ ಈಗಿನದಕ್ಕೂ ಅರ್ಧ ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಹೇಳಿದವರು ಮತ್ತೆ ಇಳಿದು ನೋಡಿ ಬರಬೇಕು, ಕೇಳಿದವರು ರಿಸೀವರ್ ಹಿಡಿದುಕೊಂಡೇ ಇರಬೇಕು. ಕೆಳಗಿನ ಅಂಕಿ ಒಂಬತ್ತು ದಾಟಿತೆಂದರೆ ಮೇಲಿನವನು ಎಲ್ಲ ಬಿಟ್ಟು ಅಣೆಕಟ್ಟಿನ ಹೊಟ್ಟೆಯೊಳಗಿನ ಸುರಂಗಕ್ಕೆ ಇಳಿದು ನೀರು ಬಿಡುವ ಬಾಗಿಲುಗಳನ್ನು ಮುಚ್ಚಬೇಕು.

ಆ ತುದಿಯಲ್ಲಿ ಹತ್ತೊಂಬತ್ತು ವರ್ಷವೂ ಒಬ್ಬನೇ ಮನುಷ್ಯ. ಅವಳು ಅವನನ್ನು "ಮೇಲಿನವರೇ" ಎನ್ನುತ್ತಿದ್ದಳು, ಅವನು ಅವಳನ್ನು "ಕೆಳಗಿನವರೇ" ಎನ್ನುತ್ತಿದ್ದ. ಮುಖ ನೋಡಿದ್ದಿಲ್ಲ. ಗಡಿಯಾಚೆಯೂ ಇದೇ ಭಾಷೆ, ಆದರೆ ಅವನು ಪದದ ಕೊನೆಯನ್ನು ಸ್ವಲ್ಪ ಎಳೆಯುತ್ತಿದ್ದ. ಅವನಿಗೆ ಶೀತವಾಗಿದ್ದು, ಹಲ್ಲು ಕೀಳಿಸಿದ್ದು, ಮನೆಯಲ್ಲಿ ಸಾವಾಗಿ ನಾಲ್ಕು ದಿನ ಗಂಟಲು ಕಟ್ಟಿದ್ದು, ಎಲ್ಲ ಅವಳಿಗೆ ಅಂಕಿಗಳ ಸಂದಿಯಲ್ಲೇ ಗೊತ್ತಾಗಿತ್ತು. ಗಂಡ ತೀರಿಕೊಂಡ ಮೇಲೆ ಅವಳು ದಿನವೂ ತಪ್ಪದೆ ಮಾತಾಡುತ್ತಿದ್ದ ಗಂಡಸು ಅವನೊಬ್ಬನೇ. ಇದನ್ನು ಅಕ್ಕನ ಹತ್ತಿರ ಹೇಳಿದ್ದರೆ ಅಕ್ಕ ನಕ್ಕು ನಕ್ಕು ಸುಸ್ತಾಗುತ್ತಿದ್ದಳು, ಆದ್ದರಿಂದ ಹೇಳಿರಲಿಲ್ಲ.

ಇನ್ನೊಂದು ವಿಷಯವನ್ನೂ ಅವಳು ಯಾರಿಗೂ ಹೇಳಿರಲಿಲ್ಲ. ಹಿಂದಿನ ವರ್ಷ ಪಕ್ಕದ ದೇಶವನ್ನು ಆಳುವವನು ರೇಡಿಯೋದಲ್ಲಿ ಗುಡುಗಿದ್ದ: ಅಣೆಕಟ್ಟಿನ ಎಂಟೂ ಬಾಗಿಲು ತೆಗೆಸಿದ್ದೇನೆ, ನಿಮ್ಮ ಊರನ್ನು ತೊಳೆದುಬಿಡುತ್ತೇನೆ ಎಂದು. ಅವನೇನು ಬರೀ ಬಾಯಿಬಡುಕನಲ್ಲ. ತನ್ನವರನ್ನೇ ಜೈಲಿಗೆ ತುಂಬಿದವನು, ಗಡಿಯ ಚೌಕಿಯ ಮೇಲೆ ಗುಂಡು ಹಾಕಿಸಿ ಹನ್ನೊಂದು ಜನರನ್ನು ಕೊಂದವನು. ಊರಿಗೆ ಊರೇ ಗುಡ್ಡ ಹತ್ತಿತ್ತು. ಆರು ಗಂಟೆಗೆ ಮೇಲಿನವನು ಎಂದಿನ ದನಿಯಲ್ಲೇ ಹೇಳಿದ: "ತೆಗೆದ ಬಾಗಿಲು ಎಂಟು. ಹರಿವು ನೂರಾ ತೊಂಬತ್ತು." ಕದ್ದು ಕೇಳುವವರಿಗೆ ಅದರಲ್ಲೇನೂ ಕಾಣಲಿಲ್ಲ. ಅವಳಿಗೆ ಕಂಡಿತು. ಎಂಟು ಬಾಗಿಲು ತೆಗೆದರೆ ಎಂಟುನೂರರ ಹತ್ತಿರ ಹರಿಯಬೇಕು. ನೂರಾ ತೊಂಬತ್ತು ಎಂದರೆ ಎರಡೇ ಬಾಗಿಲು. ಅವನು ಆಜ್ಞೆ ಮೀರಿದ್ದ, ಮೀರಿದ್ದನ್ನು ಅವಳಿಗೆ ಹೇಳಿಯೂ ಇದ್ದ. ಅವಳು ಒಂದಿಷ್ಟೂ ತಡವರಿಸದೆ ತಿರುಗಿ ಹೇಳಿದಳು: "ಎಂಟು. ನೂರಾ ತೊಂಬತ್ತು." ರಿಸೀವರ್ ಇಟ್ಟ ಮೇಲೆ ಪುಸ್ತಕದಲ್ಲೂ ಹಾಗೆಯೇ ಬರೆದಳು. ನೀರು ಕೆಳಬೀದಿಯ ಹತ್ತಿರಕ್ಕೂ ಬರಲಿಲ್ಲ. ಊರಿನವರು ಆ ಆಳುವವನು ಹೇಡಿ ಎಂದು ನಕ್ಕರು. ಅವಳೂ ನಕ್ಕಳು, ನಗದಿದ್ದರೆ ಯಾಕೆ ಎಂದು ಕೇಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಜಿಲ್ಲಾಧಿಕಾರಿಯ ಕಚೇರಿಯಿಂದ ಜೀಪು ಬಂತು. ಒಳಕೋಣೆಯಲ್ಲಿ ಜಿಲ್ಲಾಧಿಕಾರಿ ಮೂಲೆಯ ಕುರ್ಚಿಯಲ್ಲಿದ್ದರು; ಅವರ ಕುರ್ಚಿಯಲ್ಲಿ ಕರ್ನಲ್ ಇದ್ದ. ಮೇಜಿನ ಮೇಲೆ ಅಣೆಕಟ್ಟಿನ ನಕ್ಷೆ ಹಾಸಿತ್ತು, ಅದರ ನಾಲ್ಕು ಮೂಲೆಗೆ ನಾಲ್ಕು ಚಹಾ ಕಪ್ಪು. ಕರ್ನಲ್ ಒಳ್ಳೆಯ ಮನುಷ್ಯನಂತೆಯೇ ಕಂಡ. ಎದ್ದು ನಿಂತು ಕುರ್ಚಿ ಕೊಟ್ಟ.

"ನಾಳೆ ಬೆಳಗ್ಗೆ ಡ್ಯಾಮನ್ನ ನಾವು ತಗೋತಿದೀವಿ," ಎಂದ, ಅಂಗಡಿಯಿಂದ ಸೋಪು ತರುವವನ ಹಾಗೆ. "ಅಲ್ಲಿ ಆಳ್ತಿರೋನು ಮತ್ತೆ ಬಾಗಿಲು ತೆಗೀತೀನಿ ಅಂತಿದಾನೆ. ಈ ಸಲ ಡ್ಯಾಮಿನ ಹಿಂದಿನ ಸರೋವರ ತುಂಬಿದೆ. ಅವನು ತೆಗೆಯೋ ಮುಂಚೆ ನಾವು ಕೀಲಿ ಕಿತ್ಕೋಬೇಕು. ಮೂರು ಗಂಟೆ ಕೆಲಸ. ಆಮೇಲೆ ಅವನ ರಾಜ್ಯಭಾರ ತಾನಾಗೇ ಕುಸಿಯುತ್ತೆ."

ಅಳತೆಯಮ್ಮ ನಕ್ಷೆ ನೋಡಿದಳು. ನಕ್ಷೆಯಲ್ಲಿ ಎಂಟು ಬಾಗಿಲು ಅಚ್ಚುಕಟ್ಟಾಗಿ ಸಾಲಾಗಿ ಇದ್ದವು.

"ಆಮೇಲೆ ನೀರು ಬಿಡೋದು ಯಾರು ಸರ್?"

"ನಮ್ಮ ಇಂಜಿನಿಯರ್‌ಗಳು."

"ಅದು ಅರವತ್ತು ವರ್ಷದ ಡ್ಯಾಮು. ಯಾವ ಬಾಗಿಲು ಹಿಡಿಯುತ್ತೆ, ಯಾವುದು ಹಿಡಿಯಲ್ಲ, ಯಾವುದಾದ ಮೇಲೆ ಯಾವುದು ತೆಗೀಬೇಕು, ಅದೆಲ್ಲ ಅಲ್ಲಿರೋ ಒಬ್ಬರಿಗೆ ಮಾತ್ರ ಗೊತ್ತು. ಸರೋವರ ತುಂಬಿರೋವಾಗ ತಪ್ಪು ಬಾಗಿಲಿಗೆ ಕೈ ಹಾಕಿದ್ರೆ ಅದು ಅರ್ಧಕ್ಕೆ ಸಿಕ್ಕಿಹಾಕ್ಕೊಳುತ್ತೆ. ಆಮೇಲೆ ತೆಗೆಯೋಕೂ ಆಗಲ್ಲ, ಮುಚ್ಚೋಕೂ ಆಗಲ್ಲ. ಮಳೆ ಬೇರೆ ಬರ್ತಿದೆ ಮೇಲ್ಗಡೆ."

"ನಮ್ಮ ಹತ್ರ ನಕ್ಷೆ ಇದೆಯಲ್ಲ," ಎಂದ ಕರ್ನಲ್.

ಜಿಲ್ಲಾಧಿಕಾರಿ ಕೆಮ್ಮಿದರು. ಅದು ಇಲ್ಲಿಗೆ ಸಾಕು ಎನ್ನುವ ಕೆಮ್ಮು. ಸರ್ಕಾರಿ ನೌಕರಿಯಲ್ಲಿ ಹತ್ತೊಂಬತ್ತು ವರ್ಷ ಕಳೆದವರಿಗೆ ಕೆಮ್ಮಿನ ಅರ್ಥ ಗೊತ್ತಿರುತ್ತದೆ. ಆದರೂ ಅವಳು ಬಾಯಿ ಬಿಟ್ಟಳು. ಹಿಂದಿನ ವರ್ಷದ ನೂರಾ ತೊಂಬತ್ತರ ಕಥೆಯನ್ನು ಮೊದಲ ಬಾರಿಗೆ ಮನುಷ್ಯರ ಮುಂದೆ ಹೇಳಿದಳು. ಆ ಮನುಷ್ಯ ನಮ್ಮ ಊರನ್ನು ಉಳಿಸಿದವನು, ಅವನು ಅಲ್ಲಿ ಜೀವಂತ ಇರುವವರೆಗೆ ಆಳುವವನು ಏನೇ ಕಿರುಚಿದರೂ ಕೆಳಬೀದಿಗೆ ಭಯವಿಲ್ಲ, ದಯವಿಟ್ಟು ಅವನನ್ನು ಮುಟ್ಟಬೇಡಿ ಎಂದಳು.

ಕರ್ನಲ್ ಮುಖ ಅರಳಿತು. "ಹಾಗಾದ್ರೆ ಅವನು ನಮ್ಮವನೇ ಅಂದಹಾಗಾಯ್ತು! ಬಹಳ ಒಳ್ಳೇದಾಯ್ತು ಮೇಡಂ. ನೀವು ಒಂದೇ ಒಂದು ಕೆಲಸ ಮಾಡಿ. ನಾಳೆ ಬೆಳಗ್ಗೆ ಆರಕ್ಕೆ ಎಂದಿನ ಹಾಗೆ ಫೋನ್ ಮಾಡಿ. ಒಂದೈದು ನಿಮಿಷ ಅವನು ಕುರ್ಚಿ ಬಿಟ್ಟು ಏಳದ ಹಾಗೆ ನೋಡ್ಕೊಳ್ಳಿ. ಕುರ್ಚಿಯಲ್ಲಿ ಕೂತಿರೋನಿಗೆ ಏನೂ ಆಗಲ್ಲ. ಓಡಾಡೋರಿಗೆ ಗುಂಡು ಬೀಳುತ್ತೆ."

ಅವಳು ತಲೆಯಾಡಿಸಿದಳು. ಒಪ್ಪಿಕೊಂಡು ಆಡಿಸಿದ್ದಲ್ಲ, ತಲೆ ಆಡಿಸದಿದ್ದರೆ ಆ ಕೋಣೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಜೀಪಿನಲ್ಲಿ ವಾಪಸ್ ಬರುವಾಗ ಅವಳ ಪಕ್ಕ ಒಬ್ಬ ಸಿಗ್ನಲ್ ಸೈನಿಕ ಕೂತಿದ್ದ, ಮಡಿಲಲ್ಲಿ ಹೆಡ್‌ಫೋನಿನ ಪೆಟ್ಟಿಗೆ. ಬೆಳಗಿನವರೆಗೆ ಅವನು ಕಚೇರಿಯಲ್ಲೇ ಇರುತ್ತಾನಂತೆ. ಅವಳೂ ಮನೆಗೆ ಹೋಗುವಂತಿಲ್ಲವಂತೆ.

ರಾತ್ರಿ ಕುಂಟು ಕುರ್ಚಿಯಲ್ಲಿ ಕೂತು ಅವಳು ಯೋಚಿಸಿದಳು. ಕರ್ನಲ್ ಮಾತನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಬಂದೂಕು ಹಿಡಿದು ಬಾಗಿಲು ಒದ್ದು ಒಳಗೆ ಬರುವವರಿಗೆ ಕುರ್ಚಿಯಲ್ಲಿ ಕೂತವನು ನಮ್ಮವನು ಎಂದು ಯಾರು ಹೇಳಿರುತ್ತಾರೆ? ಹೇಳಿದ್ದರೂ ಆ ಗಳಿಗೆಯಲ್ಲಿ ಯಾರಿಗೆ ನೆನಪಿರುತ್ತದೆ? ಅಣೆಕಟ್ಟಿನಲ್ಲಿ ಗುಂಡು ತಲುಪದ ಜಾಗ ಒಂದೇ, ಆ ಕೆಳಗಿನ ಸುರಂಗ. ಅವನು ಸುರಂಗದೊಳಗಿದ್ದರೆ ಗಲಾಟೆ ಮುಗಿದ ಮೇಲೆ ಕೈಯೆತ್ತಿಕೊಂಡು ಹೊರಗೆ ಬರಬಹುದು. ಅವನು ಬದುಕಬೇಕು. ಅವನು ಬದುಕಿದರೆ ಬಾಗಿಲುಗಳಿಗೆ ಒಬ್ಬ ಯಜಮಾನ ಇರುತ್ತಾನೆ, ಕೆಳಬೀದಿ ಉಳಿಯುತ್ತದೆ. ಆಳುವವನು ಬೀಳಲಿ, ಏಳಲಿ, ಅದು ಅವಳ ಕೆಲಸವಲ್ಲ.

ಹೇಳುವುದು ಹೇಗೆ? ಮಾತಾಡುವಂತಿಲ್ಲ, ಪಕ್ಕದಲ್ಲಿ ಹೆಡ್‌ಫೋನಿನವನು. ಮೇಲಿನವನು ಹಿಂದಿನ ವರ್ಷ ಹೇಗೆ ಹೇಳಿದನೋ ಹಾಗೆಯೇ ಹೇಳಬೇಕು, ಅಂಕಿಯಲ್ಲಿ. ಆ ಸಂಜೆ ನೀರು ಆರು ಮೀಟರ್ ಇಪ್ಪತ್ತರಲ್ಲಿತ್ತು. ಒಂಬತ್ತು ನಲವತ್ತು ಎಂದುಬಿಟ್ಟರೆ? ಒಂಬತ್ತು ದಾಟಿದರೆ ಸುರಂಗಕ್ಕೆ ಇಳಿಯಬೇಕು, ನಿಯಮ. ಅರ್ಧ ಮೀಟರಿನ ಇನ್ನೊಂದು ನಿಯಮ ಅವಳಿಗೆ ನೆನಪಿರಲಿಲ್ಲ ಎಂದಲ್ಲ. ಇತ್ತು. ಆದರೆ ಅಷ್ಟು ದೊಡ್ಡ ಅಂಕಿ ಕಿವಿಗೆ ಬಿದ್ದರೆ ಯಾವ ಮನುಷ್ಯನಾದರೂ ಮೊದಲು ಓಡುತ್ತಾನೆ ಎಂದುಕೊಂಡಳು. ಒಂದು ವೇಳೆ ಓಡದಿದ್ದರೂ, ಇಂಥ ಅಂಕಿಯನ್ನು ಇವಳು ಸುಮ್ಮನೆ ಹೇಳುವವಳಲ್ಲ, ಏನೋ ಇದೆ ಎಂದು ಅವನಿಗೆ ಹೊಳೆಯುತ್ತದೆ ಎಂದುಕೊಂಡಳು.

ಬೆಳಗ್ಗೆ ಐದೂ ಮುಕ್ಕಾಲಿಗೆ ಅವಳು ಮೆಟ್ಟಿಲಿಳಿದಳು. ನೀರು ತಣ್ಣಗೆ, ಕಂದು ಬಣ್ಣದಲ್ಲಿ, ತನ್ನ ಪಾಡಿಗೆ ಹರಿಯುತ್ತಿತ್ತು. ಆರು ಇಪ್ಪತ್ತು, ನಿನ್ನೆ ಎಷ್ಟೋ ಇವತ್ತೂ ಅಷ್ಟೇ. ಹತ್ತಿ ಬಂದಳು. ಸೈನಿಕ ಹೆಡ್‌ಫೋನ್ ಏರಿಸಿಕೊಂಡ. ಆರು ಹೊಡೆಯಿತು. ಅವಳು ರಿಸೀವರ್ ಎತ್ತಿದಳು.

"ಕೆಳಗಿನವರೇ," ಎಂದಿತು ಆ ದನಿ, ಕೊನೆಯನ್ನು ಎಳೆಯುತ್ತ.

"ಮೇಲಿನವರೇ. ಮಟ್ಟ ಒಂಬತ್ತು ನಲವತ್ತು."

ಹತ್ತೊಂಬತ್ತು ವರ್ಷದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅಂಕಿ ಅದು. ನಾಲಿಗೆ ಅದನ್ನು ಎಷ್ಟು ಸಲೀಸಾಗಿ ಹೇಳಿತೆಂದರೆ ಅವಳಿಗೇ ಅಸಹ್ಯವಾಯಿತು.

ಓಡು, ಎಂದುಕೊಂಡಳು. ಎದ್ದು ಓಡೋ ಮಾರಾಯ.

"ಒಂಬತ್ತು ನಲವತ್ತು," ಎಂದು ಅವನು ತಿರುಗಿ ಹೇಳಿದ. ನಿಯಮ ನಿಯಮವೇ. ಆಮೇಲೆ, "ಸಂಜೆ ಆರು ಇಪ್ಪತ್ತು ಅಂದಿದ್ರಿ. ನಾನು ಬಿಟ್ಟಿರೋದು ಎರಡೇ ಬಾಗಿಲು, ಅಷ್ಟು ಏರೋದಕ್ಕೆ ಸಾಧ್ಯ ಇಲ್ಲ. ಇನ್ನೊಂದು ಸಲ ನೋಡ್ಕೊಂಡು ಬನ್ನಿ. ನಾನು ಹಿಡ್ಕೊಂಡಿರ್ತೀನಿ."

"ಸರಿಯಾಗೇ ನೋಡಿದೀನಿ, ಒಂಬತ್ತು ನಲವತ್ತು," ಎಂದಳು.

"ನಿಧಾನಕ್ಕೆ ಇಳೀರಿ, ಮೆಟ್ಟಿಲು ಜಾರುತ್ತೆ. ನಾನೆಲ್ಲೂ ಹೋಗಲ್ಲ."

ಸೈನಿಕ ಅವಳತ್ತ ನೋಡಿ ಹೆಬ್ಬೆರಳು ಎತ್ತಿದ. ಐದು ನಿಮಿಷ ಹಿಡಿದಿಡು ಎಂದಿದ್ದ ಕರ್ನಲ್. ಇವಳು ಎಂಥಾ ಉಪಾಯ ಮಾಡಿದಳು ಎಂದು ಸೈನಿಕನಿಗೆ ಮೆಚ್ಚುಗೆ. ಆಗ ಅವಳಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಫೋನಿನಲ್ಲಿ ಕೂಗಬಹುದಿತ್ತು. ಓಡಿ, ಬರುತ್ತಿದ್ದಾರೆ ಎಂದು ಕೂಗಿಬಿಟ್ಟಿದ್ದರೆ ಸೈನಿಕ ತಂತಿ ಕೀಳುವಷ್ಟರಲ್ಲಿ ಎರಡು ಪದವಾದರೂ ಅತ್ತ ಹೋಗುತ್ತಿದ್ದವು. ಆದರೆ ಅವಳ ಕೈ, ಅಂಕಿ ಸರಿಯಿಲ್ಲ ಎಂದಾಗ ಹತ್ತೊಂಬತ್ತು ವರ್ಷ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ರಿಸೀವರನ್ನು ಮೇಜಿನ ಮೇಲೆ ಮಗುಚಿಟ್ಟಿತು. ಕಾಲು ಹಿಂಬಾಗಿಲ ಕಡೆ ನಡೆಯಿತು. ನಲವತ್ತೆರಡು ಮೆಟ್ಟಿಲು ಇಳಿದಳು. ಪಟ್ಟಿ ನೋಡಿದಳು. ಆರು ಇಪ್ಪತ್ತು. ನಲವತ್ತೆರಡು ಮೆಟ್ಟಿಲು ಹತ್ತಿದಳು. ಇಂಥ ಹೊತ್ತಿನಲ್ಲಿ ಯಾರಾದರೂ ಹೋಗಿ ಪಟ್ಟಿ ನೋಡುತ್ತಾರೆಯೇ ಎಂದು ನೀವು ಕೇಳಬಹುದು. ಅವಳನ್ನು ನೋಡಿ ಎಂದಷ್ಟೇ ಹೇಳಬಲ್ಲೆ.

ವಾಪಸ್ ಬಂದಾಗ ಸೈನಿಕ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದ, ಗೋಡೆ ನೋಡುತ್ತಿದ್ದ.

"ಮೇಲಿನವರೇ," ಎಂದಳು ರಿಸೀವರಿಗೆ. "ಆರು ಇಪ್ಪತ್ತು."

ಯಾರೂ ತಿರುಗಿ ಹೇಳಲಿಲ್ಲ.

"ಲೈನ್ ಕಟ್ಟಾಯ್ತು ಅಮ್ಮ," ಎಂದ ಸೈನಿಕ. "ಹಾಗೇ ಕಟ್ಟಾಯ್ತು." ಅವನು ತನ್ನ ಪೆಟ್ಟಿಗೆ ಕಟ್ಟಿಕೊಂಡ. ಬಕ್ಕಲ್ ಹಾಕಲು ಮೂರು ಸಲ ತಪ್ಪಿದ. ಹೋಗುವಾಗ ಅವಳ ಮುಖ ನೋಡಲಿಲ್ಲ.

ಅವಳು ಪುಸ್ತಕ ತೆಗೆದು ಆ ದಿನದ ಸಾಲಿನಲ್ಲಿ ಆರು ಇಪ್ಪತ್ತು ಎಂದು ಬರೆದಳು. ಅದರ ಮುಂದಿನ ಖಾನೆ ಮೇಲಿನ ಅಂಕಿಗೆ. ಅದನ್ನು ಖಾಲಿ ಬಿಟ್ಟಳು. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು, ಬರಲಿಲ್ಲ. ಹಸಿವೂ ಆಗಲಿಲ್ಲ. ಕಿವಿಯಲ್ಲಿ ಹತ್ತಿ ತುರುಕಿದ ಹಾಗಿತ್ತು, ಅಷ್ಟೇ.

ಒಂಬತ್ತಕ್ಕೆಲ್ಲ ಟಿವಿಯಲ್ಲಿ ಅಣೆಕಟ್ಟಿನ ಮೇಲೆ ನಮ್ಮ ಬಾವುಟ ಬಂತು. ಅಕ್ಕನ ಮನೆಯ ಮುಂಭಾಗದಲ್ಲೇ ಭಾವನ ಹಾಸಿಗೆ ಅಂಗಡಿ. ಭಾವ ಹತ್ತಿ ತುಂಬುತ್ತಲೇ ಈ ಏಳು ವರ್ಷದಲ್ಲಿ ಪಕ್ಕದ ದೇಶವನ್ನು ಹತ್ತಾರು ಸಲ ಗೆದ್ದಿದ್ದ. ಇವತ್ತು ನಿಜವಾಗಿ ಗೆದ್ದಾಗ ಅವನಿಗೆ ಸೂಜಿ ಎಲ್ಲಿಟ್ಟೆ ಎನ್ನುವುದೇ ಮರೆತುಹೋಗಿತ್ತು. ಅಂಗಡಿಯ ತುಂಬ ಜನ. ಅರ್ಧ ಹೊಲಿದ ಹಾಸಿಗೆಯ ಮೇಲೆಯೇ ನಾಲ್ಕು ಜನ ಕೂತಿದ್ದರು.

"ಮೂರು ಗಂಟೆ ಅಂದಿದ್ರಂತೆ, ನಲವತ್ತು ನಿಮಿಷಕ್ಕೆ ಮುಗಿಸಿದಾರೆ!" ಎಂದ ಭಾವ. "ನಮ್ಮ ಕಡೆ ಒಬ್ಬನಿಗೂ ಗಾಯ ಇಲ್ಲ! ಏನೇ, ಮುಖ ಯಾಕೆ ಹಾಗೆ ಇಟ್ಕೊಂಡಿದೀಯ? ನಿಂದೂ ಏನೋ ಕೈ ಇದೆಯಂತೆ ಇದರಲ್ಲಿ, ಜೀಪು ಬಂದಿತ್ತಂತಲ್ಲ?"

"ಅವಳಿಗೆ ನಿದ್ದೆ ಇಲ್ಲ, ಸುಮ್ನಿರಿ," ಎಂದಳು ಅಕ್ಕ. ತಟ್ಟೆ ತಂದು ತಂಗಿಯ ಮುಂದೆ ಇಟ್ಟಳು. ಅಳತೆಯಮ್ಮ ತಿಂದಳು. ಏನು ತಿಂದೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಟಿವಿಯಲ್ಲಿ ಬಾವುಟ ತೋರಿಸಿದರು, ಬಾಗಿಲುಗಳನ್ನು ತೋರಿಸಿದರು, ಕರ್ನಲ್‌ನನ್ನು ತೋರಿಸಿದರು. ಕುರ್ಚಿಯಲ್ಲಿ ಕೂತವನನ್ನು ತೋರಿಸಲಿಲ್ಲ. ಬಾಗಿಲುಗಳು ಮುಚ್ಚಿದ್ದವು. ಎರಡು ತೆರೆದಿರಬೇಕಿತ್ತು. ಅವಳು ಎಣಿಸಿ ನೋಡಿದಳು. ಎಂಟೂ ಮುಚ್ಚಿದ್ದವು.

"ಅದನ್ನ ಯಾರು ಮುಚ್ಚಿದ್ರು?" ಎಂದಳು.

"ನಮ್ಮೋರು! ಇನ್ನು ಒಂದು ತೊಟ್ಟು ಬರಲ್ಲ ನೋಡು," ಎಂದ ಭಾವ.

ಸಂಜೆ ಆರಕ್ಕೆ ಅವಳು ಮೆಟ್ಟಿಲಿಳಿದಾಗ ನೀರು ಮೂರೂವರೆ ಮೀಟರಿಗೆ ಇಳಿದಿತ್ತು. ಪಟ್ಟಿಯ ಕೆಳಗಿನ ಅಂಕಿಗಳನ್ನು ಅವಳು ಎಷ್ಟೋ ವರ್ಷದಿಂದ ನೋಡಿರಲಿಲ್ಲ, ಪಾಚಿ ಹಿಡಿದಿದ್ದವು. ಊರಿನವರು ದಡಕ್ಕೆ ಬಂದು ತಮಾಷೆ ನೋಡಿದರು. ಅವಳು ಗೋಡೆಯ ಫೋನ್ ಎತ್ತಿದಳು, ಸದ್ದಿಲ್ಲ. ಮೇಜಿನ ಫೋನಿನಿಂದ ಜಿಲ್ಲಾಧಿಕಾರಿಗೆ ಕರೆ ಮಾಡಿ, ಬಾಗಿಲು ಹೀಗೇ ಮುಚ್ಚಿಟ್ಟರೆ ಸರೋವರ ತುಳುಕುತ್ತದೆ ಎಂದಳು. ಅವರು, ನೀವು ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ, ನಿಮ್ಮ ಹೆಸರನ್ನು ಮೇಲೆ ಕಳಿಸಿದ್ದೇವೆ ಎಂದರು. ಯಾಕೆ ಕಳಿಸಿದ್ದೀರಿ ಎಂದು ಅವಳು ಕೇಳಲಿಲ್ಲ. ಕೇಳುವಷ್ಟು ಆಸಕ್ತಿಯೂ ಇರಲಿಲ್ಲ.

ಮರುದಿನ ಬೆಳಗ್ಗೆ ಆರಕ್ಕೆ ಗೋಡೆಯ ಫೋನು ತಾನಾಗಿ ಬಡಿಯಿತು. ಒಂದೇ ಉಸಿರಿಗೆ ರಿಸೀವರ್ ಎತ್ತಿ "ಮೇಲಿನವರೇ" ಎಂದಳು.

"ಹಲೋ? ಯಾರು? ನಾನು ಕ್ಯಾಪ್ಟನ್ ಮಾತಾಡ್ತಿರೋದು, ಡ್ಯಾಮಿಂದ. ಇಂಜಿನಿಯರಿಂಗ್ ದಳ. ಇದು ನದಿಮಟ್ಟದ ಆಫೀಸ್ ತಾನೆ?"

ಪದದ ಕೊನೆಯನ್ನು ಎಳೆಯದ ದನಿ, ಅವಸರದ ದನಿ. ಅವಳು ಹೌದೆಂದಳು.

"ನೋಡಿ ಮೇಡಂ, ಈ ಬಾಗಿಲುಗಳನ್ನ ಯಾವ ಕ್ರಮದಲ್ಲಿ ತೆಗೀತಿದ್ರು ಅಂತ ನಿಮಗೆ ಗೊತ್ತಾ? ನಮ್ಮ ವಿಮಾನಗಳು ಕರೆಂಟಿನ ಮನೆ ಹೊಡೆದುಬಿಟ್ಟಿವೆ. ಕೈಚಕ್ರ ಇದೆ. ನಿನ್ನೆ ತೆರೆದಿದ್ದ ಎರಡನ್ನ ಅದರಿಂದಲೇ ಮುಚ್ಚಿದ್ವಿ, ಈಗ ಅವು ಏಳ್ತಾನೇ ಇಲ್ಲ. ನಕ್ಷೆಯಲ್ಲಿ ಒಂದರಿಂದ ಶುರು ಅಂತಿದೆ. ಒಂದನ್ನ ತಿರುಗಿಸಿದ್ವಿ, ಒಂದಡಿ ಎದ್ದು ಸಿಕ್ಕಿಹಾಕ್ಕೊಂಡಿದೆ. ಎರಡೂ ಹಾಗೇ ಆಯ್ತು. ಮಿಕ್ಕಿದ್ದನ್ನ ಮುಟ್ಟೋಕೆ ಭಯ ಆಗ್ತಿದೆ. ಸರೋವರ ಅಂಚಿಗೆ ಇನ್ನು ಒಂದು ಮೊಳ ಇದೆ ಅಷ್ಟೇ."

"ನನಗೆ ಗೊತ್ತಿಲ್ಲ," ಎಂದಳು. "ಕೇಳೋ ಹಾಗಿರಲಿಲ್ಲ. ನಾವು ಅಂಕಿ ಮಾತ್ರ ಮಾತಾಡ್ತಿದ್ವಿ. ಅಲ್ಲಿ ಕುರ್ಚಿಯಲ್ಲಿ ಕೂತಿದ್ದೋರು ಇದ್ದಾರಲ್ಲ, ಅವರನ್ನ ಕೇಳಿ. ಅವರು ನಮಗೆ ಬೇಕಾದೋರು ಅಂತ ಕರ್ನಲ್‌ಗೆ ಹೇಳಿದೀನಿ."

ಕ್ಯಾಪ್ಟನ್ ತನ್ನ ಹಿಂದೆ ಕೂಗುತ್ತಿದ್ದವರಿಗೆ ತಡೀರಿ ಎಂದು ಮತ್ತೆ ಫೋನಿಗೆ ಬಂದ.

"ಅವನು ಇಲ್ಲ ಮೇಡಂ."

"ಹಾಗಂದ್ರೆ?"

"ಮೊದಲು ಒಳಗೆ ಹೋದ ಹುಡುಗರು ಫೋನ್ ಇಡು ಅಂತ ಮೂರು ಸಲ ಕೂಗಿದಾರೆ. ಅವನು ಇಡಲಿಲ್ಲ. ಒಂದು ಕೈ ಮೇಲೆ ಎತ್ತಿದ, ಇನ್ನೊಂದರಲ್ಲಿ ಫೋನ್ ಹಾಗೇ ಹಿಡ್ಕೊಂಡಿದ್ದ. 'ತಡೀರಿ, ಅವರು ನೋಡೋಕೆ ಹೋಗಿದಾರೆ, ಬರ್ತಾರೆ' ಅಂದನಂತೆ. ಯಾರು ಎಲ್ಲಿಗೆ ಹೋಗಿದಾರೆ ಅಂತ ಹುಡುಗರಿಗೆ ಗೊತ್ತಾಗ್ಲಿಲ್ಲ. ಯಾರಿಗೋ ಸೂಚನೆ ಕೊಡ್ತಿದಾನೆ, ಡ್ಯಾಮ್ ಒಡೆಯೋಕೆ ಹೇಳ್ತಿದಾನೆ ಅಂದ್ಕೊಂಡ್ರು. ಅಂಥಾ ಹೊತ್ತಲ್ಲಿ…"

ಅಳತೆಯಮ್ಮ ಕುಂಟು ಕುರ್ಚಿಯಲ್ಲಿ ಕೂತಳು. ಅದು ಒಂದು ಕಡೆ ವಾಲಿತು. ಅವಳು ಸರಿಯಾಗಿ ಕೂರಲು ಹೋಗಲಿಲ್ಲ.

"ನೋಡೋಕೆ ಹೋಗಿದ್ದೋಳು ನಾನು," ಎಂದಳು.

ಕ್ಯಾಪ್ಟನ್ ಹಿಂದೆ ಯಾರೋ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದ್ದರು. ಅವಳಿಗೆ ದುಃಖ ಬರಬೇಕಿತ್ತು, ಸಿಟ್ಟು ಬರಬೇಕಿತ್ತು. ಎರಡೂ ಎಲ್ಲೋ ದೂರದಲ್ಲಿ ಇದ್ದವು, ಬೇರೆಯವರ ಮನೆಯ ಗಲಾಟೆಯ ಹಾಗೆ. ಕೊನೆಗೆ ಅವಳ ಬಾಯಿಂದ ಬಂದದ್ದು ಕೆಲಸದ ಮಾತೇ.

"ತುಳುಕೋಕೆ ಎಷ್ಟು ಹೊತ್ತಿದೆ?"

"ಬೆಳಗ್ಗೆ ಹತ್ತು, ಹನ್ನೊಂದು ಗಂಟೆಯವರೆಗೆ. ಒಮ್ಮೆ ಮೇಲಿಂದ ಬೀಳೋಕೆ ಶುರುವಾದ್ರೆ ಪಕ್ಕದ ಮಣ್ಣಿನ ಏರಿ ಎಷ್ಟು ಹೊತ್ತು ತಡೆಯುತ್ತೋ ಹೇಳೋಕಾಗಲ್ಲ. ಮೇಲಧಿಕಾರಿಗಳಿಗೆ ತಿಳಿಸಿದೀವಿ ಮೇಡಂ. ಅವರು ನೋಡ್ತೀವಿ ಅಂದಿದಾರೆ."

"ಎಷ್ಟು ಜನ ಇದೀರಿ ಅಲ್ಲಿ?"

"ಅರವತ್ತು."

"ನೀವೂ ಏರಿಯಿಂದ ದೂರ ಇರಿ," ಎಂದು ಅವಳು ರಿಸೀವರ್ ಇಟ್ಟಳು.

ಜಿಲ್ಲಾಧಿಕಾರಿಯ ಮನೆಯಲ್ಲಿ ಫೋನ್ ಎತ್ತಿದವನು ಸಾಹೇಬರು ಸ್ನಾನಕ್ಕೆ ಹೋಗಿದ್ದಾರೆ, ಹತ್ತು ಗಂಟೆಗೆ ಮಂತ್ರಿಗಳು ಸೇತುವೆಯ ಮೇಲೆ ಭಾಷಣಕ್ಕೆ ಬರುತ್ತಿದ್ದಾರೆ, ಸುಮ್ಮನೆ ಗಾಬರಿ ಹಬ್ಬಿಸಬೇಡಿ ಎಂದ. ಅವಳು ಅವನ ಜೊತೆ ವಾದಕ್ಕಿಳಿಯಲಿಲ್ಲ. ಪುಸ್ತಕ ಮುಚ್ಚಿದಳು, ಕಚೇರಿಗೆ ಬೀಗ ಹಾಕಿದಳು, ಕೆಳಬೀದಿಗೆ ನಡೆದಳು. ನದಿ ಅರ್ಧಕ್ಕರ್ಧ ಒಣಗಿ ಕಲ್ಲುಗಳು ಎದ್ದಿದ್ದವು. ಬೀದಿಯಲ್ಲಿ ಕಿಟಕಿಗಳಿಗೆಲ್ಲ ಸಣ್ಣ ಬಾವುಟ ಸಿಕ್ಕಿಸಿದ್ದರು. ಹಾಲಿನವನು ಅವಳನ್ನು ನೋಡಿ, "ಏನು ಅಳತೆಯಮ್ಮ, ಇನ್ನು ನಿಮಗೆ ಕೆಲಸವೇ ಇಲ್ವಲ್ಲ, ಅಳೆಯೋಕೆ ನೀರೇ ಇಲ್ಲ!" ಎಂದು ನಕ್ಕ.

"ಹಾಲು ಕೊಟ್ಟದ್ದು ಸಾಕು. ಮನೆಗೆ ಹೋಗಿ ಹೆಂಡತಿ ಮಕ್ಕಳನ್ನ ಕರ್ಕೊಂಡು ಗುಡ್ಡದ ಶಾಲೆಗೆ ಹತ್ತು," ಎಂದಳು. ಅವನು ಇನ್ನೂ ನಗುತ್ತಲೇ ಇದ್ದ.

ಅಕ್ಕನ ಮನೆಯ ಬಾಗಿಲನ್ನು ಅಂಗೈಯಿಂದ ಬಡಿದಳು. ಭಾವ ತೆಗೆದ. ಕೂದಲಲ್ಲಿ ಹತ್ತಿ ಅಂಟಿತ್ತು, ಕಣ್ಣಲ್ಲಿ ನಿದ್ದೆ. ಹಿಂದೆ ಟಿವಿ ಆಗಲೇ ಮಾತಾಡುತ್ತಿತ್ತು.

"ಏನೇ ಇಷ್ಟು ಬೆಳಗ್ಗೆ?"

"ಅಕ್ಕನ್ನ ಎಬ್ಬಿಸಿ ಭಾವ. ಎರಡು ಬಟ್ಟೆ ತಗೊಳ್ಳಿ ಸಾಕು. ಗುಡ್ಡಕ್ಕೆ ಹೋಗ್ಬೇಕು. ಮಧ್ಯಾಹ್ನದೊಳಗೆ ನೀರು ಬರುತ್ತೆ."

ಭಾವ ಅವಳ ಮುಖವನ್ನು ನೋಡಿದ, ಅವಳ ಹಿಂದೆ ಒಣಗಿದ ನದಿಯನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಅವನಿಗೆ ನಗು ಬಂತು.

"ನಿನ್ನ ತಲೆ ಎಲ್ಲಿದೆ? ಆ ಪಾಪಿ ಬಿಡ್ತಾನೆ ಅಂತ ತಾನೆ ಇಷ್ಟು ವರ್ಷ ಹೆದರಿದ್ದು? ಅವನ ಕೈ ಕತ್ತರಿಸಿ ಆಯ್ತಲ್ಲ. ಡ್ಯಾಮು ಈಗ ನಮ್ಮ ಕೈಗೆ ಬಂತಲ್ಲ!"

"ಬಂತು ಭಾವ," ಎಂದಳು ಅಳತೆಯಮ್ಮ. "ನಮ್ಮ ಕೈಗೇ ಬಂದಿದೆ. ಅದಕ್ಕೇ ಹೇಳ್ತಿರೋದು, ಬೇಗ ಹೊರಡಿ."

ಅವಳ ದನಿಯಲ್ಲಿ ಏನಿತ್ತೋ, ಭಾವನ ನಗು ಅಲ್ಲಿಗೇ ನಿಂತಿತು. ಅವನು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ. ಅಳತೆಯಮ್ಮ ಪಕ್ಕದ ಮನೆಯ ಬಾಗಿಲು ಬಡಿಯಲು ಹೋದಳು.